ಪಂಚಮದಿಂದ ಮೇಲೆ ಯಾರು ನುಡಿಸುವುದು?

ಪ್ರಶ್ನೆ: ನನಗೆ 29 ವರ್ಷ. ನಾನು, ನನ್ನ ಗೆಳತಿ ಒಂದೇ ಗುರುಗಳ ಹತ್ತಿರ ಪಿಟೀಲು ಕಲಿತವರು. 6 ವರ್ಷದಿಂದ ದ್ವಂದ್ವ ಪಿಟೀಲು ಕಚೇರಿ ಕೊಡುತ್ತಿದ್ದೇವೆ. ತಾಳವಿಲ್ಲದೆ ರಾಗವನ್ನು ಬಿಡಿಸುವ ಆಲಾಪನೆಯನ್ನು ನಾನು ಶುರು ಮಾಡಿ, ಸರಿಗಮದ ಐದನೆಯ ಸ್ವರವಾದ ಪಂಚಮದವರೆಗೆ ತರುತ್ತೇನೆ, ಅಲ್ಲಿಂದ ಮೇಲೆ ಅವಳು. ತಾಳಕ್ಕೆ ಸರಿಯಾಗಿ ಸ್ವರಗಳನ್ನು ಅಲ್ಲೇ ಹೆಣೆಯುವ ಸ್ವರಪ್ರಸ್ತಾರದಲ್ಲೂ ಮೊದಲು ನಾನು, ಆಮೇಲೆ ಅವಳು. ಈಗ ನಮ್ಮೂರಿನ ಒಂದು ಸಭೆಯವರು ಮೂರು ತಿಂಗಳು ಬಿಟ್ಟು ನಡೆಯುವ ಒಂದೂವರೆ ಗಂಟೆಯ ಕಚೇರಿಗೆ ನನ್ನೊಬ್ಬಳನ್ನೇ ಕರೆದಿದ್ದಾರೆ. ಒಬ್ಬಳೇ ಅಭ್ಯಾಸಕ್ಕೆ ಕೂತರೆ ಐದಾರು ನಿಮಿಷಕ್ಕೆಲ್ಲ ಮುಂದೆ ಏನೂ ತೋಚುವುದಿಲ್ಲ, ಕೈ ಕಟ್ಟಿಹಾಕಿದ ಹಾಗಾಗುತ್ತದೆ. ಕಚೇರಿ ಒಪ್ಪಿಕೊಳ್ಳಲೇ? ಒಪ್ಪಿಕೊಂಡರೆ ನಮ್ಮ ದ್ವಂದ್ವಕ್ಕೆ ಪೆಟ್ಟು ಬೀಳುತ್ತದೆಯೇ? ಗೆಳತಿಗೆ ಇನ್ನೂ ಹೇಳಿಲ್ಲ.

ಉತ್ತರ: ನಿಮ್ಮ ಪತ್ರದ ಕಡೆಯ ಸಾಲನ್ನೇ ಮೊದಲು ಹಿಡಿಯುತ್ತೇನೆ. ಗೆಳತಿಗೆ ಇವತ್ತೇ ಹೇಳಿ. ಸಭೆಯವರಿಗೆ ಫೋನ್ ಮಾಡುವುದಕ್ಕೆ ಮುಂಚೆ ಹೇಳಿ. ಯಾಕೆ ಎನ್ನುವುದನ್ನು ಆಮೇಲೆ ಬರೆಯುತ್ತೇನೆ, ಅದರಲ್ಲಿ ನನ್ನದೇ ಒಂದು ನೋವಿದೆ. ಹೇಳಿದ ಮೇಲೆ ಕಚೇರಿಯನ್ನು ಒಪ್ಪಿಕೊಳ್ಳಿ. ಮೂರು ತಿಂಗಳು ಸಾಕು. ಧೈರ್ಯ ತುಂಬುವುದಕ್ಕೆಂದು ಹೀಗೆ ಹೇಳುತ್ತಿಲ್ಲ. ನಿಮ್ಮ ತೊಂದರೆ ಎಲ್ಲಿದೆ ಎನ್ನುವುದು ನಿಮ್ಮ ಪತ್ರದಲ್ಲೇ ಕಾಣಿಸಿತು, ಅದು ಸರಿಹೋಗುವಂಥದ್ದು.

"ಪಂಚಮದವರೆಗೆ ನಾನು, ಮೇಲೆ ಅವಳು" ಎಂದು ಬರೆದಿದ್ದೀರಿ. ಅಂದರೆ ವೇದಿಕೆಯ ಮೇಲೆ ನೀವು 6 ವರ್ಷದಿಂದ ಒಂದು ರಾಗವನ್ನೂ ಮುಗಿಸಿಲ್ಲ. ಅದ್ಭುತವಾಗಿ ಶುರು ಮಾಡಿರಬಹುದು, ಕೆಳಗಿನ ಸ್ಥಾಯಿಯಾದ ಮಂದ್ರದಲ್ಲಿ ನಿಮ್ಮ ನಾದಕ್ಕೆ ಜನ ತಲೆದೂಗಿರಬಹುದು. ಆದರೆ ರಾಗವನ್ನು ಮೇಲಿನ ಸ್ಥಾಯಿಯ ಸ, ಅಂದರೆ ತಾರ ಷಡ್ಜಕ್ಕೆ ಹತ್ತಿಸಿ, ಅಲ್ಲಿ ನಿಲ್ಲಿಸಿ, ಮೇಲಿನ ಗಾಂಧಾರ ಮುಟ್ಟಿ, ಮತ್ತೆ ಕೆಳಗಿಳಿಸಿ ಮಧ್ಯ ಷಡ್ಜದಲ್ಲಿ ಕೂರಿಸುವ ಕೆಲಸವನ್ನು ಪ್ರತಿ ಸಲವೂ ಇನ್ನೊಬ್ಬರು ಮಾಡಿದ್ದಾರೆ. ಐದಾರು ನಿಮಿಷಕ್ಕೆ ತೋಚದ ಹಾಗಾಗುತ್ತದೆ ಎಂದಿರಲ್ಲ, ಕಚೇರಿಯಲ್ಲಿ ನಿಮ್ಮ ಪಾಲು ಎಷ್ಟು ನಿಮಿಷವಿತ್ತು ಎಂದು ನೆನಪು ಮಾಡಿಕೊಳ್ಳಿ. ಮುಖ್ಯ ರಾಗಕ್ಕೆ ಹನ್ನೆರಡು ನಿಮಿಷ ಕೊಡುವವರಾದರೆ ನಿಮ್ಮದು ಆರು. ಕೈ ನಿಲ್ಲುವುದು ಸರಿಯಾಗಿ ಅಲ್ಲಿಯೇ. ಕಲ್ಪನೆ ಬತ್ತಿಹೋಗಿ ನಿಂತದ್ದಲ್ಲ, ಒಪ್ಪಿಸಿಬಿಡುವ ಹೊತ್ತಾಯಿತು ಎಂದು ಕೈಗೆ ಅಭ್ಯಾಸವಾಗಿ ನಿಂತದ್ದು.

ವಾದ್ಯದ ಮೇಲೂ ಇದನ್ನು ನೋಡಬಹುದು. ನಮ್ಮ ಪಿಟೀಲಿನ ನಾಲ್ಕು ತಂತಿಗಳನ್ನು ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮಕ್ಕೆ ಶ್ರುತಿ ಮಾಡುತ್ತೇವೆ. ನೀವು ನಿಲ್ಲಿಸುವ ಪಂಚಮವೆಂದರೆ ಮೊದಲ ತಂತಿಯ ಬರಿ ನಾದ, ಬೆರಳೇ ಇಡದ ಜಾಗ. ಅಲ್ಲಿಂದ ಮೇಲಿನ ಸಂಚಾರವೆಲ್ಲ ಆ ಒಂದೇ ತಂತಿಯ ಮೇಲೆ, ಕೈಯನ್ನು ಮೇಲಕ್ಕೂ ಕೆಳಕ್ಕೂ ಜಾರಿಸುತ್ತ ನಡೆಯಬೇಕು. ಕೆಳಗಿನ ಮೂರು ತಂತಿಗಳಲ್ಲಿ ಒಂದು ಸ್ವರ ಎಟುಕದಿದ್ದರೆ ಪಕ್ಕದ ತಂತಿ ಇದೆ, ಮೇಲಿನ ತಂತಿಗೆ ಆ ಅನುಕೂಲವಿಲ್ಲ. ಪಿಟೀಲಿನ ತಲೆಯನ್ನು ಬಲಗಾಲಿನ ಹಿಮ್ಮಡಿಯ ಹತ್ತಿರ ಆನಿಸಿ, ಇನ್ನೊಂದು ತುದಿಯನ್ನು ಎದೆಗೆ ಒತ್ತಿ ನಾವು ಕೂರುವುದೇ ಎಡಗೈ ಹಿಡಿಯುವ ಕೆಲಸದಿಂದ ಬಿಡುಗಡೆಯಾಗಿ ಜಾರಲಿ ಎಂದು. ಆ ಜಾರುವಿಕೆ ನಿಮ್ಮ ಗೆಳತಿಯ ಕೈಯಲ್ಲಿ 6 ವರ್ಷ ಪಳಗಿದೆ. ಕೃತಿಗಳಲ್ಲಿ, ವರ್ಣಗಳಲ್ಲಿ ನೀವೂ ಮೇಲೆ ಹೋಗಿರುತ್ತೀರಿ, ನಿಜ. ಕಲಿತ ದಾರಿಯಲ್ಲಿ ಹೋಗಿಬರುವುದು ಬೇರೆ, ದಾರಿ ಹುಡುಕುತ್ತ ಅಲ್ಲಿ ಓಡಾಡುವುದು ಬೇರೆ.

ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣ, ನಾನೂ ಇದೇ ಜಾಗದಲ್ಲಿ ನಿಂತಿದ್ದೆ. ನಾನು, ನನ್ನ ತಮ್ಮ 18 ವರ್ಷ ಜೊತೆಯಲ್ಲಿ ನುಡಿಸಿದೆವು. ಅವನು ಕೆಲಸದ ಮೇಲೆ ಹೊರದೇಶಕ್ಕೆ ಹೋದ. ಆ ವರ್ಷದ ರಾಮೋತ್ಸವದಲ್ಲಿ ಮೊದಲ ಸಲ ಒಬ್ಬನೇ ಕೂತೆ. ಶಂಕರಾಭರಣ ತೆಗೆದುಕೊಂಡಿದ್ದೆ. ಮಂದ್ರದಲ್ಲಿ ಕೈ ಚೆನ್ನಾಗಿ ಹರಿಯಿತು, ಗಾಂಧಾರದಲ್ಲಿ ನಿಂತೆ, ಮಧ್ಯಮ ದಾಟಿದೆ, ಪಂಚಮಕ್ಕೆ ಬಂದು ಒಂದು ನೀಳವಾದ ಕಮಾನು ಎಳೆದು, ಕಮಾನನ್ನು ತಂತಿಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು ಬಲಕ್ಕೆ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ. ತಂಬೂರಿ ಒಂದೇ ನುಡಿಯುತ್ತಿತ್ತು. ಮೃದಂಗದವರು ರಾಗ ಮುಗಿಯಿತೆಂದುಕೊಂಡು ಮೃದಂಗವನ್ನು ಮಡಿಲಿಗೆ ಎಳೆದುಕೊಂಡರು. ಎಷ್ಟು ಸೆಕೆಂಡು ಹೋಯಿತೋ ಗೊತ್ತಿಲ್ಲ, ನನ್ನ ಅಂಗೈ ತಣ್ಣಗಾದದ್ದು ಮಾತ್ರ ಇವತ್ತಿಗೂ ನೆನಪಿದೆ. ಆ ರಾತ್ರಿ ಮನೆಗೆ ಬಂದು ತಿಳಿದುಕೊಂಡದ್ದು ಇಷ್ಟು: 18 ವರ್ಷದಲ್ಲಿ ನಾನು ಅರ್ಧ ಶಂಕರಾಭರಣ ಕಲಿತಿದ್ದೆ, ಇನ್ನರ್ಧ ನನ್ನ ತಮ್ಮನ ಜೊತೆ ವಿಮಾನ ಹತ್ತಿ ಹೋಗಿತ್ತು.

ಪಿಟೀಲಿನವರ ಒಂಟಿತನ ಬೇರೆಯವರದಕ್ಕಿಂತ ಹೆಚ್ಚು ಎನ್ನುವುದನ್ನೂ ತಿಳಿದಿರಿ. ಗಾಯಕರು ಒಬ್ಬರೇ ಹಾಡುತ್ತಾರೆ ಎನ್ನುತ್ತೇವೆ, ಆದರೆ ಅವರ ಪಕ್ಕದಲ್ಲಿ ಒಂದು ಪಿಟೀಲು ಇರುತ್ತದೆ. ಆಲಾಪನೆಯಲ್ಲಿ ಅವರು ಉಸಿರು ತೆಗೆದುಕೊಂಡಾಗ ಅದು ನಾದವನ್ನು ಹಿಡಿದಿರುತ್ತದೆ, ಅವರು ಮುಗಿಸಿದ ಮೇಲೆ ಅದಕ್ಕೆ ಅದರದೇ ಸುತ್ತು ಸಿಗುತ್ತದೆ, ಸ್ವರದಲ್ಲಿ ಸರದಿ ಬರುತ್ತದೆ. ಅಷ್ಟು ಹೊತ್ತು ಗಾಯಕರು ನೀರು ಕುಡಿಯಬಹುದು, ಮುಂದಿನದನ್ನು ಯೋಚಿಸಬಹುದು. ಕೊಳಲಿನವರಿಗೂ ಹೆಚ್ಚಾಗಿ ಪಿಟೀಲಿನ ಪಕ್ಕವಾದ್ಯ ಇರುತ್ತದೆ. ಪಿಟೀಲಿಗೆ ಪಿಟೀಲು ಪಕ್ಕವಾದ್ಯವಾಗಿ ಕೂರುವುದು ರೂಢಿಯಲ್ಲಿಲ್ಲ. ಸೋಲೋ ಕೂತಾಗ ನಿಮ್ಮ ಜೊತೆ ಮೃದಂಗ, ಬಹುಶಃ ಒಂದು ಘಟ ಅಥವಾ ಖಂಜರಿ, ಹಿಂದೆ ತಂಬೂರಿ. ರಾಗದ ಮಾತಾಡುವವರು ನೀವೊಬ್ಬರೇ. ಮೃದಂಗದವರು ತಾವೇ ನುಡಿಸುವ ತನಿ ಆವರ್ತನ ಬರುವವರೆಗೆ ಕಮಾನನ್ನು ಕೆಳಗಿಡುವಂತಿಲ್ಲ. ದ್ವಂದ್ವದಲ್ಲಿ ಒಂದೂವರೆ ಗಂಟೆ ಕೂತವರ ಬಲಭುಜ ನಿಜವಾಗಿ ದುಡಿದಿರುವುದು ಅದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ಮೊದಲ ಸೋಲೋದಲ್ಲಿ ಬಹಳ ಜನ ಸೋಲುವುದು ವಿದ್ವತ್ತಿನಲ್ಲಿ ಅಲ್ಲ, ಒಂದು ಗಂಟೆ ದಾಟಿದ ಮೇಲೆ ಭುಜ ಬಿದ್ದುಹೋಗಿ.

ಈಗ ಮೂರು ತಿಂಗಳ ಕೆಲಸ. ಮೊದಲ ತಿಂಗಳು ಆಲಾಪನೆಯಲ್ಲಿ ಪಂಚಮದ ಕೆಳಗೆ ಇಳಿಯಲೇಬೇಡಿ. ದಿನಕ್ಕೊಂದು ರಾಗ ಸಾಕು, ಮೊದಲ ತಂತಿಯೊಂದೇ. ಕಲ್ಯಾಣಿಯನ್ನು ತಾರ ಷಡ್ಜದಿಂದ ಶುರು ಮಾಡಿ, ಅಲ್ಲಿಯೇ ಸುತ್ತಾಡಿ, ನಿಷಾದದಲ್ಲಿ ನಿಂತು ನೋಡಿ, ಮೇಲಿನ ರಿಷಭಕ್ಕೆ ಎರಡು ಬೆರಳಿನಿಂದಲೂ ಹೋಗಿ, ಒಂದೇ ಬೆರಳಲ್ಲಿ ಜಾರಿಯೂ ಹೋಗಿ. ಮೊದಲ ವಾರ ಕಿರಿಕಿರಿ ಆಗುತ್ತದೆ, ಅಪಶ್ರುತಿ ಕೇಳಿಸುತ್ತದೆ. ಆಗಲಿ. ಎರಡನೆಯ ವಾರಕ್ಕೆ ಆ ತಂತಿ ನಿಮಗೆ ಊರಾಗುತ್ತದೆ. ಗೆಳತಿಯ ಹಳೆಯ ಕಚೇರಿಗಳ ಧ್ವನಿಮುದ್ರಣ ಇದ್ದರೆ ಕೇಳಬೇಡಿ ಎಂದು ಕೂಡ ಹೇಳುತ್ತೇನೆ. ಕೇಳಿದರೆ ಅವರ ದಾರಿಯನ್ನೇ ನಡೆಯುತ್ತೀರಿ, ನಿಮಗೆ ಬೇಕಾದದ್ದು ನಿಮ್ಮ ದಾರಿ.

ಎರಡನೆಯ ತಿಂಗಳಲ್ಲಿ ಎರಡು ಅರ್ಧಗಳನ್ನೂ ಕೂಡಿಸಿ. ಗಡಿಯಾರ ಇಟ್ಟುಕೊಂಡು ಹನ್ನೆರಡು ನಿಮಿಷ. ಇಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಇಳಿಯುವುದು. ಹತ್ತುವಾಗ ರಾಗವೇ ಕೈಹಿಡಿದು ನಡೆಸುತ್ತದೆ, ತಾರ ಷಡ್ಜದ ಆಸೆ ಇರುತ್ತದೆ. ಶಿಖರ ಮುಟ್ಟಿದ ಮೇಲೆ ಕೇಳುಗರ ಮನಸ್ಸು ಕದಡದಂತೆ ಕೆಳಗೆ ತರಬೇಕಲ್ಲ, ಅದನ್ನು ಯಾರೂ ಪಾಠದಲ್ಲಿ ಬಿಡಿಸಿ ಹೇಳುವುದಿಲ್ಲ. ನಾನು ಶಿಷ್ಯರಿಗೆ ಕೊನೆಯ ಎರಡು ನಿಮಿಷವನ್ನೇ ಬೇರೆಯಾಗಿ ಅಭ್ಯಾಸ ಮಾಡಿಸುತ್ತೇನೆ: ಮೇಲಿನ ಗಾಂಧಾರದಿಂದ ಶುರು, ಮಧ್ಯ ಷಡ್ಜದಲ್ಲಿ ಮುಕ್ತಾಯ, ಪ್ರತಿದಿನ ಬೇರೆ ಬೇರೆ ದಾರಿ. ಇನ್ನೊಂದು ಮಾತು. ಜೊತೆಗಾರರಿದ್ದಾಗ ನೀವು ನಿಲ್ಲಿಸಿದ ತಕ್ಷಣ ಅವರು ಶುರು ಮಾಡುತ್ತಿದ್ದರು, ಹಾಗಾಗಿ ಮೌನದ ಅನುಭವವೇ ನಿಮಗಿಲ್ಲ. ಒಂದು ಸಂಚಾರ ಮುಗಿದ ಮೇಲೆ ಕಮಾನನ್ನು ತಂತಿಯ ಮೇಲೆಯೇ ಇಟ್ಟುಕೊಂಡು ತಂಬೂರಿಯ ನಾಲ್ಕು ತಂತಿ ಒಂದು ಸುತ್ತು ನುಡಿಯುವವರೆಗೆ ಸುಮ್ಮನೆ ಕೂತಿರಿ. ಮೊದಮೊದಲು ಎದೆ ಹೊಡೆದುಕೊಳ್ಳುತ್ತದೆ. ಆ ಮೌನದಲ್ಲಿ ಮುಂದಿನ ಸಂಚಾರ ತಾನಾಗಿ ಬರುವುದನ್ನು ಕಂಡ ಮೇಲೆ ಮೌನದ ಭಯ ಹೋಗುತ್ತದೆ.

ಸ್ವರಪ್ರಸ್ತಾರಕ್ಕೆ ಬೇರೆ ಉಪಾಯ. ನೀವು ಯಾವಾಗಲೂ ಪ್ರಶ್ನೆ ಹಾಕಿದ್ದೀರಿ, ಉತ್ತರ ಅವರು ಕೊಟ್ಟಿದ್ದಾರೆ. ಈಗ ಎರಡೂ ನಿಮ್ಮದೇ. ಆದಿತಾಳದಲ್ಲಿ ಎರಡು ಆವರ್ತ, ಒಂದು ಆವರ್ತ, ನಾಲ್ಕಕ್ಷರ, ಎರಡಕ್ಷರ ಎಂದು ಸರದಿಯನ್ನು ಚಿಕ್ಕದು ಮಾಡುತ್ತ ಕೊರಪ್ಪು ಇಳಿಸುವಾಗ ಪ್ರಶ್ನೆಯನ್ನು ಮಂದ್ರದ ತಂತಿಗಳಲ್ಲಿ, ಉತ್ತರವನ್ನು ಮೊದಲ ತಂತಿಯಲ್ಲಿ ನುಡಿಸಿ ನೋಡಿ. ಕೇಳುಗರಿಗೆ ಇಬ್ಬರು ಮಾತಾಡಿದ ಹಾಗೆ ಕೇಳುತ್ತದೆ. ನಮ್ಮ ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದರು, ಮೈಕ್ ಇಲ್ಲದ ಕಾಲದಲ್ಲಿ ಒಂದು ವಾದ್ಯದ ನಾದ ಜನ ತುಂಬಿದ ಸಭೆಯ ಕೊನೆಯ ಸಾಲಿಗೂ ಮುಟ್ಟಬೇಕಿತ್ತು. ಒಬ್ಬರ ನಾದ ಒಬ್ಬರದಾಗಿಯೇ ಇದ್ದು ಸಭೆಯನ್ನೆಲ್ಲ ತುಂಬಬೇಕೆನ್ನುವ ಹಸಿವು ಅದರಲ್ಲಿ ನನಗೆ ಕಾಣುತ್ತದೆ. ನಿಮಗೆ ಏಳು ತಂತಿ ಬೇಡ, ಇರುವ ನಾಲ್ಕನ್ನೂ ನುಡಿಸಿದರೆ ಸಾಕು. ಕೊರಪ್ಪಿನಲ್ಲಿ ಒಂದೆರಡು ಸುತ್ತು ಉತ್ತರವನ್ನು ಮೃದಂಗದವರಿಗೇ ಬಿಟ್ಟುಕೊಡುವುದೂ ಉಂಟು. ಅವರ ಜೊತೆ ಮೊದಲೇ ಮಾತಾಡಿಕೊಂಡಿದ್ದರೆ ಅದು ತುಂಬ ಚೆನ್ನಾಗಿ ಬರುತ್ತದೆ, ನಿಮ್ಮ ಭುಜಕ್ಕೂ ಎಂಟಕ್ಷರದ ಬಿಡುವು.

ಮೂರನೆಯ ತಿಂಗಳಲ್ಲಿ ಪೂರ್ತಿ ಕಚೇರಿಯನ್ನು ನಿಲ್ಲಿಸದೆ ನುಡಿಸಿ, ವಾರಕ್ಕೆ ಒಂದು ಸಲ, ಕಚೇರಿ ನಡೆಯುವ ಹೊತ್ತಿಗೇ. ಒಂದೆರಡು ಸಲವಾದರೂ ಮೃದಂಗದವರನ್ನು ಕರೆಸಿ. ಪಟ್ಟಿಯಲ್ಲಿ ಎರಡು ಭಾರವಾದ ರಾಗಗಳನ್ನು ಇಟ್ಟುಕೊಳ್ಳಬೇಡಿ. ವರ್ಣ, ಆಮೇಲೆ ಚುಟುಕು ಸ್ವರವಿರುವ ಒಂದು ಚುರುಕಾದ ಕೃತಿ, ನಾಲ್ಕೈದು ನಿಮಿಷದ ಆಲಾಪನೆಯಿರುವ ಒಂದು ನಡುಮಟ್ಟದ ರಾಗ, ಅದಾದ ಮೇಲೆ ಬೆರಳು ಬಿಸಿ ಇಡುವ ಒಂದು ಚಿಕ್ಕ ಕೃತಿ, ಮುಖ್ಯ ರಾಗ, ತನಿ, ಕೊನೆಗೆ ಎರಡು ದೇವರನಾಮ. ತಿಲ್ಲಾನ ಬೇಕೆನಿಸಿದರೆ ಒಂದು ದೇವರನಾಮ ಬಿಡಿ. ಪಿಟೀಲಿನಲ್ಲಿ ದೇವರನಾಮ ನುಡಿಸುವಾಗ ಸಾಹಿತ್ಯವನ್ನು ಮನಸ್ಸಿನಲ್ಲಿ ಹಾಡಿಕೊಳ್ಳುತ್ತ ನುಡಿಸಿ, ಕಮಾನು ಪದಗಳ ಕಡೆ ತಿರುಗಬೇಕು. ಅಷ್ಟು ಹೊತ್ತಿಗೆ ಜನ ಮನಸ್ಸಿನಲ್ಲಿ ನಿಮ್ಮ ಜೊತೆ ಹಾಡುತ್ತಿರುತ್ತಾರೆ.

ಇಷ್ಟೆಲ್ಲ ಓದಿ ದ್ವಂದ್ವ ಎಂದರೆ ಅರ್ಧ ಸಂಗೀತ ಎಂದು ತಿಳಿದುಕೊಂಡರೆ ನನಗೆ ಬಹಳ ದುಃಖವಾಗುತ್ತದೆ. ನನ್ನ ಜೀವನದ ಅತ್ಯುತ್ತಮ ಕ್ಷಣಗಳು ಒಬ್ಬನೇ ನುಡಿಸಿದ್ದಲ್ಲ. ಒಂದನ್ನು ಹೇಳುತ್ತೇನೆ, ನಿಮಗೂ ಗೆಳತಿಗೂ ಕೆಲಸಕ್ಕೆ ಬರುತ್ತದೆ.

ತೋಡಿಯ ಗಾಂಧಾರ ನಿಂತ ಸ್ವರವಲ್ಲ, ತೂಗುವ ಸ್ವರ. ಒಮ್ಮೆ ರಿಷಭದ ಕಡೆ ವಾಲುತ್ತದೆ, ಒಮ್ಮೆ ಮಧ್ಯಮದ ಕಡೆ. ಎಷ್ಟು ಅಗಲ ತೂಗಬೇಕು, ಎಷ್ಟು ಸಲ ತೂಗಬೇಕು, ಮೊದಲ ತೂಗು ಕೆಳಗಿನಿಂದಲೋ ಮೇಲಿನಿಂದಲೋ ಎನ್ನುವುದು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ. ಒಬ್ಬರೇ ನುಡಿಸಿದರೆ ಅದು ಅವರ ಛಾಪು. ಇಬ್ಬರು ಒಟ್ಟಿಗೆ ನುಡಿಸಿದಾಗ ಎರಡು ಕೈ ಎರಡು ರೀತಿ ತೂಗಿದರೆ ಗಾಂಧಾರವೇ ಮಸುಕಾಗುತ್ತದೆ. ಕೇಳುಗರಿಗೆ ತಪ್ಪು ಎಲ್ಲಿ ಎಂದು ಗೊತ್ತಾಗುವುದಿಲ್ಲ, ಏನೋ ಗದ್ದಲ ಎನಿಸುತ್ತದೆ. ನಿಂತ ಸ್ವರಕ್ಕೂ ಇದೇ ಕಷ್ಟ, ಆದರೆ ಅದನ್ನು ಹಿಡಿಯುವುದು ಸುಲಭ. ಒಂದು ತಂತಿ ಸೆಕೆಂಡಿಗೆ 330 ಸಲ, ಇನ್ನೊಂದು 332 ಸಲ ಕಂಪಿಸಿದರೆ ಸೆಕೆಂಡಿಗೆ ಎರಡು ಸಲ ನಾದ ಅಲೆಯಂತೆ ಏರಿ ಇಳಿಯುತ್ತದೆ, ಬಿರಡೆ ತಿರುವಿ ಸರಿಮಾಡಬಹುದು. ತೂಗುವ ಸ್ವರಕ್ಕೆ ಬಿರಡೆ ಇಲ್ಲ. ನಾನು, ನನ್ನ ತಮ್ಮ ಒಂದು ಮಳೆಗಾಲವೆಲ್ಲ ಬೆಳಗ್ಗೆ ಕಾಲು ಗಂಟೆ ತೋಡಿಯ ಗಾಂಧಾರವೊಂದನ್ನೇ ಎದುರುಬದುರು ಕೂತು ನುಡಿಸಿದೆವು. ಕಣ್ಣು ಒಬ್ಬರ ಬೆರಳ ಮೇಲೆ ಇನ್ನೊಬ್ಬರದು. ಒಂದು ದಿನ, ಹೇಗೋ ಏನೋ, ಎರಡು ಪಿಟೀಲು ಹೋಗಿ ಒಂದಾಯಿತು. ನನ್ನ ಕಮಾನು ಯಾವುದು ಅವನದು ಯಾವುದು ಎಂದು ನನಗೇ ತಿಳಿಯಲಿಲ್ಲ. ಅಡುಗೆಮನೆಯಲ್ಲಿದ್ದ ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಆ ನಾದವನ್ನು ಒಬ್ಬ ಮನುಷ್ಯ ಎಷ್ಟು ಸಾಧನೆ ಮಾಡಿದರೂ ಹುಟ್ಟಿಸಲಾರ.

ದ್ವಂದ್ವಕ್ಕೆ ಮಾತ್ರ ಸಾಧ್ಯವಾದವು ಇನ್ನೂ ಇವೆ. ಒಬ್ಬರು ಮಂದ್ರದಲ್ಲಿ ಷಡ್ಜ ಹಿಡಿದಿದ್ದರೆ ಇನ್ನೊಬ್ಬರು ಅದರ ಮೇಲೆ ಹೆದರಿಕೆಯಿಲ್ಲದೆ ಹಾರಬಹುದು. ಒಂದೇ ಸಂಗತಿಯನ್ನು, ಅಂದರೆ ಕೃತಿಯ ಸಾಲಿನ ಒಂದು ಸ್ವರವಿನ್ಯಾಸವನ್ನು, ಎರಡು ಸ್ಥಾಯಿಯಲ್ಲಿ ಒಟ್ಟಿಗೆ ನುಡಿಸಿದಾಗ ಕೃತಿಗೆ ಗೋಪುರದಂತೆ ಎತ್ತರ ಬರುತ್ತದೆ. ಮತ್ತೆ, ನೀವು ಅಂದುಕೊಂಡೇ ಇರದ ಒಂದು ಪ್ರಯೋಗವನ್ನು ಜೊತೆಯವರು ಇದ್ದಕ್ಕಿದ್ದಂತೆ ಎತ್ತಿದಾಗ ನಿಮ್ಮ ಕೈಯೂ ಹೊಸದನ್ನು ಕಾಣುತ್ತದೆ. ಉತ್ತರ ಕರ್ನಾಟಕದ ಲಾವಣಿಯಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷ ಕಟ್ಟಿ ಸವಾಲು ಜವಾಬು ಹಾಡುತ್ತಾರೆ. ಅಲ್ಲಿ ಎದುರಿನವರನ್ನು ಸೋಲಿಸುವುದೇ ರಸ, ಅದಕ್ಕೆ ಅದರದೇ ಸೊಗಸು. ನಮ್ಮ ದ್ವಂದ್ವದಲ್ಲಿ ಜೊತೆಯವರು ಚೆನ್ನಾಗಿ ನುಡಿಸಿದಷ್ಟೂ ನಿಮ್ಮ ರಾಗ ಬೆಳೆಯುತ್ತದೆ. ಇದನ್ನು ಮರೆತು ವೇದಿಕೆಯ ಮೇಲೆ ಸವಾಲಿಗೆ ಬಿದ್ದ ಜೋಡಿಗಳನ್ನು ಕೇಳಿದ್ದೇನೆ. ಚಪ್ಪಾಳೆ ಬಂತು, ರಾಗ ಬರಲಿಲ್ಲ.

ದ್ವಂದ್ವಕ್ಕೆ ಪೆಟ್ಟು ಬೀಳುತ್ತದೆಯೇ ಎಂದು ಕೇಳಿದ್ದೀರಿ. ಪಿಟೀಲು ವಿದ್ವಾಂಸ ಲಾಲ್ಗುಡಿ ಜಯರಾಮನ್ ಅವರನ್ನೇ ನೋಡಿ. ದೊಡ್ಡ ಗಾಯಕರಿಗೆಲ್ಲ ಪಕ್ಕವಾದ್ಯ ನುಡಿಸಿದರು, ಸೋಲೋ ನುಡಿಸಿದರು, ತಂಗಿ ಶ್ರೀಮತಿ ಬ್ರಹ್ಮಾನಂದಂ ಅವರ ಜೊತೆ ದ್ವಂದ್ವ ನುಡಿಸಿದರು, 1966ರಲ್ಲಿ ಎನ್. ರಮಣಿಯವರ ಕೊಳಲು, ಆರ್. ವೆಂಕಟರಾಮನ್ ಅವರ ವೀಣೆಯ ಜೊತೆ ವೇಣು, ಪಿಟೀಲು, ವೀಣೆಯ ಕಚೇರಿಯನ್ನೂ ಕಟ್ಟಿದರು. ಒಂದು ಇನ್ನೊಂದನ್ನು ಕೆಡಿಸಲಿಲ್ಲ. ಪಿಟೀಲಿನಲ್ಲೇ ಟಿ.ಎನ್. ಕೃಷ್ಣನ್ ಕರ್ನಾಟಕ ಸಂಗೀತಕ್ಕೆ, ಅವರ ತಂಗಿ ಎನ್. ರಾಜಂ ಹಿಂದುಸ್ತಾನಿಗೆ ಹೋದರು, ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಪೂರ್ಣ ವಿದ್ವಾಂಸರಾಗಿ ಬೆಳೆದರು, ಮತ್ತೆ ಒಂದೇ ವೇದಿಕೆಯ ಮೇಲೆ ಜುಗಲ್‌ಬಂದಿಗೂ ಕೂತರು. ನಮ್ಮಲ್ಲೇ ಮೈಸೂರು ನಾಗರಾಜ್, ಮೈಸೂರು ಮಂಜುನಾಥ್ ಅಣ್ಣತಮ್ಮಂದಿರು ಜೋಡಿಯಾಗಿ ಲೋಕಕ್ಕೆ ಪರಿಚಿತರು, ಒಬ್ಬೊಬ್ಬರೇ ನುಡಿಸಿದಾಗಲೂ ತುಂಬಿಯೇ ನುಡಿಸುತ್ತಾರೆ. ಜೋಡಿಯ ಬಲ ಇರುವುದು ಪ್ರತಿಯೊಬ್ಬರೂ ಒಬ್ಬರೇ ಕಚೇರಿ ನಿಭಾಯಿಸಬಲ್ಲರು ಎನ್ನುವುದರಲ್ಲಿ. ಇದು ನನ್ನ ಗಟ್ಟಿ ಅಭಿಪ್ರಾಯ. ಒಬ್ಬರನ್ನೊಬ್ಬರು ಆತುಕೊಂಡು ನಿಂತ ಜೋಡಿಯಲ್ಲಿ ಒಬ್ಬರಿಗೆ ಜ್ವರ ಬಂದರೆ ಇಬ್ಬರೂ ಮಲಗುತ್ತಾರೆ.

ಇನ್ನೂ ಕಠಿಣವಾದ ಮಾತೂ ಇದೆ. ಹಿಂದುಸ್ತಾನಿಯ ಹಳೆಯ ಗಾಯನಶೈಲಿ ಧ್ರುಪದದ ಡಾಗರ್ ಸಹೋದರರಲ್ಲಿ ಅಣ್ಣ ಮೊಹಿನುದ್ದೀನ್ 1966ರಲ್ಲಿ ತೀರಿಕೊಂಡರು. ಜೊತೆಯಾಗಿಯೇ ಹಾಡಿ ಹೆಸರಾದವರು ಅವರು. ತಮ್ಮ ಅಮೀನುದ್ದೀನ್ ಆಮೇಲೆ ಒಬ್ಬರೇ ಹಾಡಿದರು. ಆ ಮೊದಲ ಕಚೇರಿಯಲ್ಲಿ ಅವರು ಆಲಾಪದ ನಡುವೆ ನಿಂತಾಗ ಆ ಪಕ್ಕದ ಖಾಲಿ ಜಾಗ ಹೇಗಿದ್ದಿರಬೇಕು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ನಿಮಗೆ ಅಂಥದ್ದೇನೂ ಆಗದಿರಲಿ. ಆದರೆ ಮದುವೆ, ಮಕ್ಕಳು, ಊರು ಬಿಡುವುದು, ಕೈನೋವು, ಇವು ಯಾರ ಬದುಕಿನಲ್ಲೂ ಬರುವಂಥವು. ಬಲವಂತದಿಂದ ಒಬ್ಬರೇ ಕೂರುವ ದಿನಕ್ಕಿಂತ ಮುಂಚೆ, ಗೆಳತಿ ಪಕ್ಕದ ಬೀದಿಯಲ್ಲಿರುವಾಗಲೇ ಕೂತು ಕಲಿತುಕೊಳ್ಳಿ.

ಈಗ ಗೆಳತಿಯ ವಿಷಯ. ನನ್ನ ತಮ್ಮ ವಿದೇಶಕ್ಕೆ ಹೋಗುವುದಕ್ಕೆ ಎಷ್ಟೋ ವರ್ಷ ಮುಂಚೆ ಒಂದು ಸಂಸ್ಥೆಯವರು ಅವನೊಬ್ಬನನ್ನೇ ಕಚೇರಿಗೆ ಕರೆದಿದ್ದರು. ಅವನು ಒಪ್ಪಿಕೊಂಡ. ನನಗೆ ಹೇಗೆ ಹೇಳುವುದೆಂದು ಅವನಿಗೆ ಗೊತ್ತಾಗಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ತಳ್ಳಿದ. ನನಗೆ ಗೊತ್ತಾದದ್ದು ತರಕಾರಿ ಅಂಗಡಿಯಲ್ಲಿ, ಪರಿಚಯದವರೊಬ್ಬರ ಕೈಯಲ್ಲಿದ್ದ ಆಮಂತ್ರಣಪತ್ರಿಕೆಯಿಂದ. ಅವನು ಒಬ್ಬನೇ ನುಡಿಸುತ್ತಾನೆ ಎನ್ನುವುದು ನನಗೆ ನೋವಾಗಲಿಲ್ಲ, ಎಲ್ಲರಿಗಿಂತ ಕೊನೆಗೆ ನನಗೆ ತಿಳಿಯಿತು ಎನ್ನುವುದು ನೋವಾಯಿತು. ಆಮೇಲಿನ ನಾಲ್ಕು ತಿಂಗಳು ನಾವು ಕಚೇರಿ ಮಾಡಿದೆವು, ಸ್ವರ ತಾಳ ಎಲ್ಲ ಸರಿಯಿತ್ತು. ಆದರೆ ನಾನು ಪಂಚಮದಲ್ಲಿ ರಾಗವನ್ನು ಕೊಡುವಾಗ ಅವನ ಮುಖ ನೋಡುತ್ತಿರಲಿಲ್ಲ. ಅವನೂ ನೋಡುತ್ತಿರಲಿಲ್ಲ. ಯಾವ ಕೇಳುಗರೂ ಏನೂ ಅನ್ನಲಿಲ್ಲ. ಒಬ್ಬ ಹಿರಿಯ ಮೃದಂಗ ವಿದ್ವಾಂಸರು ಮಾತ್ರ ಕಚೇರಿ ಮುಗಿದ ಮೇಲೆ ಮೃದಂಗಕ್ಕೆ ಚೀಲ ಹಾಕುತ್ತ, "ಇಬ್ಬರೂ ಊಟಕ್ಕೆ ಒಟ್ಟಿಗೆ ಕೂತು ಎಷ್ಟು ದಿನವಾಯ್ತಪ್ಪ?" ಎಂದು ಕೇಳಿದರು. ಆ ರಾತ್ರಿ ಮಾತಾಡಿದೆವು.

ಅದಕ್ಕೇ ಇವತ್ತೇ ಹೇಳಿ ಎಂದದ್ದು. ಅಪ್ಪಣೆ ಕೇಳುವ ದನಿಯಲ್ಲಿ ಬೇಡ. ಅಪ್ಪಣೆ ಕೇಳಿದರೆ ಬೇಡ ಎನ್ನುವ ಭಾರವನ್ನು ಅವರ ತಲೆಯ ಮೇಲೆ ಹಾಕಿದ ಹಾಗೆ. "ನನ್ನೊಬ್ಬಳನ್ನು ಕರೆದಿದ್ದಾರೆ ಕಣೇ, ಒಪ್ಪಿಕೊಳ್ಳಬೇಕು ಅಂತಿದ್ದೀನಿ, ಮೊದಲು ನಿನಗೇ ಹೇಳ್ತಿರೋದು" ಎಂದು ಎದುರಿಗೆ ಕೂತು ಹೇಳಿ, ವಾಟ್ಸಾಪಿನಲ್ಲಿ ಬೇಡ. ಅವರ ಮುಖ ಸ್ವಲ್ಪ ಬಾಡಬಹುದು. ಬಾಡಲಿ, ಅದು ಸಹಜ. ಅದನ್ನು ಆಗಲೇ ಸರಿಮಾಡುವ ಆತುರ ಬೇಡ, "ನಿನ್ನನ್ನೂ ಕರೆಯುವಂತೆ ಹೇಳ್ತೀನಿ" ಎಂಬ ಮಾತನ್ನಂತೂ ಆಡಬೇಡಿ. ಕನಿಕರದ ಮಾತು ಸುದ್ದಿಗಿಂತ ಹೆಚ್ಚು ಚುಚ್ಚುತ್ತದೆ.

ಆಮೇಲೆ ಕೆಲವು ವ್ಯವಹಾರದ ಮಾತುಗಳನ್ನು ಬಾಯಿಬಿಟ್ಟು ಆಡಿಕೊಳ್ಳಿ. ದ್ವಂದ್ವಕ್ಕೆ ಕರೆ ಬಂದು ಒಪ್ಪಿಕೊಂಡ ದಿನವನ್ನು ಯಾರೂ ಸೋಲೋಗೆ ಬಿಟ್ಟುಕೊಡುವಂತಿಲ್ಲ, ಎಷ್ಟು ದೊಡ್ಡ ಸಭೆಯಾದರೂ ಸರಿ. ಇಬ್ಬರೂ ಸೇರಿ ಕಟ್ಟಿದ ಮುಕ್ತಾಯಗಳನ್ನು, ಅಂದರೆ ಸ್ವರಪ್ರಸ್ತಾರವನ್ನು ಮುಗಿಸುವ ಲೆಕ್ಕದ ಸ್ವರಗುಚ್ಛಗಳನ್ನು, ಪಲ್ಲವಿಗಳನ್ನು ಒಬ್ಬರೇ ನುಡಿಸಬಹುದೇ ಎಂದು ಕೇಳಿಕೊಳ್ಳಿ. ಅವರು ರಾತ್ರಿ ಕೂತು ಲೆಕ್ಕ ಹಾಕಿ ಕಟ್ಟಿದ ಒಂದು ಮುಕ್ತಾಯವನ್ನು ನೀವು ಹೇಳದೆ ನುಡಿಸಿ ಚಪ್ಪಾಳೆ ತೆಗೆದುಕೊಂಡರೆ ಅದು ಅವರಿಗೆ ತಿಳಿದೇ ತಿಳಿಯುತ್ತದೆ. ದ್ವಂದ್ವದ ಸಂಭಾವನೆ ಸಮಪಾಲು, ಸೋಲೋದ್ದು ಅವರವರದು. ಇಷ್ಟು ನಿಚ್ಚಳವಾಗಿದ್ದರೆ ಸ್ನೇಹಕ್ಕೆ ಉಸಿರಾಡಲು ಜಾಗ ಇರುತ್ತದೆ. ನಾಳೆ ಅವರಿಗೂ ಒಂಟಿ ಕರೆ ಬರುತ್ತದೆ, ಆಗ ನಿಮ್ಮ ಮುಖ ಬಾಡುವ ಸರದಿ.

ಕಚೇರಿಯ ದಿನ ಗೆಳತಿಯನ್ನು ತಂಬೂರಿಗೆ ಕೂರಿಸಬೇಡಿ. ಪ್ರೀತಿಯಿಂದಲೇ ನಿಮಗೆ ಹಾಗೆ ಅನ್ನಿಸಬಹುದು, ಆದರೆ ಅವರು ಹಿಂದೆ ಕೂತಿದ್ದರೆ ಪಂಚಮ ಬಂದಾಗ ನಿಮ್ಮ ಕುತ್ತಿಗೆ ತಿರುಗಿಯೇ ತಿರುಗುತ್ತದೆ. ಅವರು ಸಭೆಯಲ್ಲಿ ಕೂರಲಿ, ಕೊನೆಯ ಸಾಲಿನಲ್ಲಿ. ನಿಮ್ಮ ಪಿಟೀಲು ಅಲ್ಲಿಗೆ ಹೇಗೆ ಕೇಳುತ್ತದೆ ಎಂದು ಅವರಷ್ಟು ಸರಿಯಾಗಿ ಹೇಳಬಲ್ಲವರು ಬೇರೆ ಯಾರಿದ್ದಾರೆ? ಆರು ವರ್ಷದಲ್ಲಿ ಅವರು ನಿಮ್ಮ ನಾದವನ್ನು ಒಂದು ಮಾರು ದೂರದಿಂದ ಮಾತ್ರ ಕೇಳಿದ್ದಾರೆ.

ಅದಾದ ಮೇಲೆ ಮೊದಲು ಬರುವ ದ್ವಂದ್ವ ಕಚೇರಿಯಲ್ಲಿ ಅದಲುಬದಲು ಮಾಡಿ ನೋಡಿ. ಮಂದ್ರದಿಂದ ಅವರು ಶುರು ಮಾಡಲಿ. ಪಂಚಮಕ್ಕೆ ತಂದು ಅವರು ಕಮಾನು ಎತ್ತಿದಾಗ ಅಲ್ಲಿಂದ ಮೇಲೆ ನೀವು ನುಡಿಸಿ.